ಆಲ್ಡರ್ ಮರ: ಗುರುತು ಹಿಡಿಯುವುದು ಹೇಗೆ, ಎಲ್ಲಿ ಬೆಳೆಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಯಾಟಲ್ ಹತ್ತಿರ ಇರುವ ನನ್ನ ತಂಗಿಯ ಮನೆ ಹಿಂದೆ ಒಂದು ತೊರೆ ಹರಿಯುತ್ತದೆ. ಅದರ ದಡದಲ್ಲಿ ಬಿಳಿಚಿದ ತೊಗಟೆಯ ಎತ್ತರದ ಮರಗಳ ಸಾಲು. ಮೊದಲ ಸಲ ಹೋದಾಗ ನಾನು ಅವನ್ನು ಬರ್ಚ್ ಎಂದುಕೊಂಡೆ. ಆಮೇಲೆ ಕಾಲಡಿ ಸಿಕ್ಕ ಒಂದು ಪುಟ್ಟ ಕಾಯಿಯನ್ನು ಎತ್ತಿ ನೋಡಿದರೆ, ಹೊನ್ನಾವರದ ಕಡಲತಡಿಯಲ್ಲಿ ಚಿಕ್ಕಂದಿನಲ್ಲಿ ಆರಿಸುತ್ತಿದ್ದ ಗಾಳಿಮರದ ಕಾಯಿಯೇ ಇದು ಅನ್ನಿಸಿತು. ಅಲ್ಲ, ಅದು ಆಲ್ಡರ್. ಆದರೂ ಆ ಹೋಲಿಕೆ ಪೂರ್ತಿ ಸುಳ್ಳೇನಲ್ಲ ಎಂದು ಗೊತ್ತಾಗಿದ್ದು ಬಹಳ ದಿನಗಳ ನಂತರ. ಅದನ್ನು ಮುಂದೆ ಹೇಳುತ್ತೇನೆ. ಹೊರದೇಶದಲ್ಲಿರುವ ನಂಟರು, ಸಿಕ್ಕಿಂಗೆ ಹೋಗಿ ಬಂದವರು, ತೋಟ ಮಾಡುವ ಗೆಳೆಯರು ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಆಲ್ಡರ್ ಅಂದರೆ ಯಾವ ಮರ? ನಮ್ಮ ಆಲದ ಮರಕ್ಕೂ ಇದಕ್ಕೂ ಏನಾದರೂ ನಂಟಿದೆಯೇ?

ಏನೂ ಇಲ್ಲ. ಹೆಸರು ಕಿವಿಗೆ ಹಾಗೆ ಕೇಳಿಸುತ್ತದೆ, ಅಷ್ಟೇ. ಆಲ, ಅರಳಿ, ಅತ್ತಿಗಳದ್ದು ಅಂಜೂರದ ಬಳಗ. ಆಲ್ಡರ್ ಬರ್ಚ್ ಮರದ ಕುಟುಂಬಕ್ಕೆ ಸೇರಿದ್ದು. ಇದರ ಕುಲದ ಹೆಸರು ಆಲ್ನಸ್. ಅದರಲ್ಲಿ ಸುಮಾರು 35 ಜಾತಿಗಳಿವೆ. ಬಹುಪಾಲು ಭೂಮಿಯ ಉತ್ತರಾರ್ಧದ ತಂಪು ಪ್ರದೇಶದವು. ಮಧ್ಯ ಅಮೆರಿಕದಿಂದ ಆಂಡೀಸ್ ಬೆಟ್ಟಸಾಲು ಹಿಡಿದು ಅರ್ಜೆಂಟೀನಾದವರೆಗೆ ಇಳಿದಿರುವ ಜಾತಿಯೂ ಒಂದಿದೆ.

ಕರ್ನಾಟಕದ ಕಾಡಿನಲ್ಲಿ ಇದು ಸಹಜವಾಗಿ ಬೆಳೆಯುವುದಿಲ್ಲ. ಹಾಗಾಗಿ ಊರಮಂದಿ ಬಳಸುವ ಕನ್ನಡ ಹೆಸರೂ ಇದಕ್ಕಿಲ್ಲ. ಸುಮ್ಮನೆ ಒಂದು ಸಂಸ್ಕೃತ ಹೆಸರು ಕಟ್ಟುವುದಕ್ಕಿಂತ ಆಲ್ಡರ್ ಎಂದೇ ಕರೆಯುವುದು ವಾಸಿ. ಹಿಮಾಲಯದ ಆಲ್ಡರ್‌ಗೆ ನೇಪಾಳಿಯಲ್ಲಿ ‘ಉತಿಸ್’ ಎಂಬ ಚಂದದ ಹೆಸರಿದೆ. ಬೇಕಿದ್ದರೆ ಅದನ್ನೇ ಎರವಲು ತರಬಹುದು.

ಒಂದೇ ಒಂದು ಗುರುತು ಹೇಳಿ ಅಂದರೆ ಯಾವುದು?

ಮರದಲ್ಲೇ ಒಣಗಿ ನಿಂತ ಪುಟ್ಟ ಕಾಯಿ. ಒಂದರಿಂದ ಎರಡು ಸೆಂಟಿಮೀಟರ್ ಉದ್ದ, ಮೊಟ್ಟೆಯಾಕಾರ, ಕಂದು ಇಲ್ಲವೇ ಕಪ್ಪು ಬಣ್ಣ, ಮರದಂತೆ ಗಟ್ಟಿ, ಮೇಲೆಲ್ಲ ಹುರುಪೆ. ನೋಡಿದರೆ ಪೈನ್ ಮರದ ಕಾಯಿಯನ್ನು ಗೊಂಬೆಮನೆಗಾಗಿ ಚಿಕ್ಕದು ಮಾಡಿದ ಹಾಗಿರುತ್ತದೆ. ಎಲೆ ಉದುರಿಸುವ ಅಗಲೆಲೆಯ ಮರವೊಂದು ಇಂಥ ಕಾಯಿ ಹೊತ್ತು ನಿಂತಿದೆ, ಕಾಯಿ ಬೀಜ ಚೆಲ್ಲಿದ ಮೇಲೂ ತಿಂಗಳುಗಟ್ಟಲೆ ಕೊಂಬೆಯಲ್ಲೇ ಉಳಿದಿದೆ ಎಂದರೆ ಅದು ಆಲ್ಡರೇ. ಯೂರೋಪಿರಲಿ, ಅಮೆರಿಕವಿರಲಿ, ಡಾರ್ಜಿಲಿಂಗ್ ಇರಲಿ, ಈ ಗುರುತು ಕೈಕೊಡುವುದಿಲ್ಲ.

ಬರ್ಚ್ ಕಾಯಿಯೂ ಹೊರಗಿನಿಂದ ಸ್ವಲ್ಪ ಹೀಗೆಯೇ ಕಾಣುತ್ತದೆ. ಬೆರಳ ನಡುವೆ ಇಟ್ಟು ಹಿಚುಕಿ ನೋಡಿ. ಬರ್ಚ್ ಆದರೆ ಪುಡಿಪುಡಿಯಾಗಿ ಉದುರುತ್ತದೆ, ಆಲ್ಡರ್ ಆದರೆ ನಿಮ್ಮ ಬೆರಳೇ ನೋಯುತ್ತದೆ.

ಚಳಿಗಾಲದಲ್ಲಿ ಎಲೆಯೇ ಇರುವುದಿಲ್ಲ. ಆಗ?

ನನ್ನ ಮಟ್ಟಿಗೆ ಆಗಲೇ ಸುಲಭ. ಹಳೆಯ ಕಾಯಿ ಹೇಗೂ ಇರುತ್ತದೆ. ಅದರ ಪಕ್ಕದಲ್ಲೇ ಮುಂದಿನ ವಸಂತಕ್ಕೆಂದು ಸಿದ್ಧವಾದ ಗಂಡು ಹೂಗೊಂಚಲು ಬಿಗಿಯಾಗಿ ಮುಚ್ಚಿಕೊಂಡು ನೇತಾಡುತ್ತಿರುತ್ತದೆ. ಹಿಪ್ಪಲಿಯನ್ನು ನೋಡಿದವರಿಗೆ ಅದರ ಆಕಾರ ತಕ್ಷಣ ಹಿಡಿಯುತ್ತದೆ. ಚಳಿ ಕಳೆಯುತ್ತಿದ್ದಂತೆ ಇದು ಸಡಿಲಗೊಂಡು ಬೆರಳುದ್ದ ಇಳಿಬೀಳುತ್ತದೆ. ಬಿಸಿಲಿನ ದಿನ ಒಮ್ಮೆ ತಟ್ಟಿದರೆ ಅರಿಸಿನದ ಪುಡಿಯಂತೆ ಪರಾಗ ಹಾರುತ್ತದೆ. ಹೆಣ್ಣು ಹೂ ಅದೇ ಮರದಲ್ಲಿ, ಕೆಂಪಗೆ, ಅಕ್ಕಿಕಾಳಿಗಿಂತ ತುಸು ದೊಡ್ಡದಾಗಿ ಇರುತ್ತದೆ. ಹುಡುಕಿದವರಿಗಷ್ಟೇ ಕಾಣುತ್ತದೆ. ಅದೇ ಬಲಿತು ಕಾಯಿಯಾಗುವುದು.

ಇನ್ನೊಂದು ಗುರುತು ಮೊಗ್ಗಿನದು. ಮರದ ಎಲೆಮೊಗ್ಗು ಸಾಮಾನ್ಯವಾಗಿ ಕೊಂಬೆಗೇ ಅಂಟಿ ಕೂತಿರುತ್ತದೆ. ಯೂರೋಪಿನ ಕಪ್ಪು ಆಲ್ಡರ್‌ನಲ್ಲೂ ಅಮೆರಿಕದ ಕೆಂಪು ಆಲ್ಡರ್‌ನಲ್ಲೂ ಮೊಗ್ಗಿಗೆ ಪುಟ್ಟ ತೊಟ್ಟಿರುತ್ತದೆ. ಬಣ್ಣ ನೇರಳೆಗೆಂಪು.

ಎಲೆ ನೋಡಿ ಜಾತಿ ಹೇಳಲು ಬರುತ್ತದೆಯೇ?

ಮುಖ್ಯವಾದ ಕೆಲವನ್ನು ಹೇಳಬಹುದು. ಯೂರೋಪಿನ ಕಪ್ಪು ಆಲ್ಡರ್ ಎಲೆ ಹೆಚ್ಚುಕಮ್ಮಿ ದುಂಡಗೆ. ತುದಿ ಚೂಪಾಗುವ ಬದಲು ಒಳಕ್ಕೆ ಕಚ್ಚಿದಂತಿರುತ್ತದೆ, ಯಾರೋ ಉಗುರಿನಿಂದ ಚಿವುಟಿ ತೆಗೆದ ಹಾಗೆ. ಎಳೆ ಚಿಗುರು ಮುಟ್ಟಿದರೆ ಅಂಟು. ವೈಜ್ಞಾನಿಕ ಹೆಸರಿನಲ್ಲಿರುವ ‘ಗ್ಲುಟಿನೋಸಾ’ ಎಂಬ ಮಾತಿನ ಅರ್ಥವೇ ಅಂಟಂಟು.

ಅಲಾಸ್ಕಾದಿಂದ ಕ್ಯಾಲಿಫೋರ್ನಿಯಾದವರೆಗೆ ಶಾಂತಸಾಗರದ ಕರಾವಳಿಯಲ್ಲಿರುವುದು ಕೆಂಪು ಆಲ್ಡರ್. ಇದರ ಎಲೆ ತುದಿಯಲ್ಲಿ ಚೂಪು, ಅಂಚಿನಲ್ಲಿ ಹಲ್ಲು. ಎಲೆಯಂಚು ಕೆಳಮುಖವಾಗಿ ಸಣ್ಣಗೆ ಮಡಚಿಕೊಂಡಿರುತ್ತದೆ. ಬೆರಳು ಸವರಿದರೆ ಸೀರೆಯಂಚಿನ ಹೊಲಿಗೆಯಂತೆ ತಾಗುತ್ತದೆ. ತೊಗಟೆ ನಿಜಕ್ಕೂ ಬೂದು. ಬಿಳಿ ಕಾಣುವುದು ಅದರ ಮೇಲೆ ಬೆಳೆದ ಕಲ್ಲುಹೂವಿನಿಂದ. ನಾನು ಮೋಸ ಹೋದದ್ದು ಅಲ್ಲಿಯೇ. ಬರ್ಚ್ ತೊಗಟೆ ಕಾಗದದ ಹಾಗೆ ಸುಲಿದು ಬರುತ್ತದೆ, ಇದು ಸುಲಿಯುವುದಿಲ್ಲ. ‘ಕೆಂಪು’ ಎಂಬ ಹೆಸರು ಬಂದದ್ದು ಮರ ಕಡಿದಾಗ ಗಾಳಿ ತಾಗಿ ಕಡಿದ ಭಾಗ ಕಿತ್ತಳೆಗೆಂಪಿಗೆ ತಿರುಗುವುದರಿಂದ.

ಇಟಲಿಯ ಆಲ್ಡರ್ ಎಲೆ ಹೃದಯಾಕಾರ, ಮೇಲ್ಮೈ ಹೊಳೆಯುತ್ತದೆ. ಯೂರೋಪಿನ ಪೇಟೆಗಳ ರಸ್ತೆಬದಿಯಲ್ಲಿ ಇದನ್ನು ನೆಡುತ್ತಾರೆ.

ಎಲ್ಡರ್ ಮತ್ತು ಆಲ್ಡರ್ ಒಂದೇನಾ?

ಅಲ್ಲ. ಎಲ್ಡರ್ ಎಂದರೆ ಬಿಳಿ ಹೂವಿನ ಛತ್ರಿ ಬಿಟ್ಟು ಕಪ್ಪು ಹಣ್ಣಿನ ಗೊಂಚಲು ಕೊಡುವ ಗಿಡ. ಷರಬತ್ತು, ಜಾಮ್ ಮಾಡುವುದು ಅದರಿಂದ. ಆಲ್ಡರ್‌ನಲ್ಲಿ ತಿನ್ನುವ ಹಣ್ಣೇ ಇಲ್ಲ.

ಭಾರತದಲ್ಲಿ ಯಾವ ಆಲ್ಡರ್ ಇದೆ?

ಮುಖ್ಯವಾಗಿ ಎರಡು. ಕಾಶ್ಮೀರ, ಹಿಮಾಚಲದ ಕಡೆ ಆಲ್ನಸ್ ನಿಟಿಡಾ. ಕುಲು ಕಣಿವೆಯಲ್ಲಿ ಬಿಯಾಸ್ ನದಿಯ ದಂಡೆಯಲ್ಲಿ ಇದನ್ನು ನೋಡಬಹುದು. ಇನ್ನೊಂದು ಆಲ್ನಸ್ ನೇಪಾಲೆನ್ಸಿಸ್, ಅಂದರೆ ಉತಿಸ್. ಉತ್ತರಾಖಂಡದಿಂದ ನೇಪಾಳ, ಸಿಕ್ಕಿಂ, ಭೂತಾನ್, ಅರುಣಾಚಲ, ನಾಗಾಲ್ಯಾಂಡ್ ದಾಟಿ ಮ್ಯಾನ್ಮಾರ್, ಚೀನಾದ ಯುನ್ನಾನ್‌ವರೆಗೂ ಇದರ ಹರವು. ಹೆಚ್ಚಾಗಿ ಕಾಣುವುದು ಸಮುದ್ರಮಟ್ಟದಿಂದ 1000ದಿಂದ 2500 ಮೀಟರ್ ಎತ್ತರದಲ್ಲಿ. ಮೂವತ್ತು ಮೀಟರ್ ಎತ್ತರಕ್ಕೆ ಹೋಗಬಲ್ಲ ಮರ. ಉಳಿದ ಆಲ್ಡರ್‌ಗಳಿಗೆ ಹೋಲಿಸಿದರೆ ಇದರ ಎಲೆ ದೊಡ್ಡದು, ಅಂಚಿನ ಹಲ್ಲು ಇದ್ದೂ ಇಲ್ಲದಂತೆ.

ಒಂದು ತಮಾಷೆ ನೋಡಿ. ಯೂರೋಪಿನ ಆಲ್ಡರ್ ಎಲೆ ಬರುವ ಮೊದಲು ಚಳಿಗಾಲದ ಕೊನೆಗೆ ಹೂ ಬಿಟ್ಟರೆ ಹಿಮಾಲಯದ ಈ ಎರಡೂ ಮಳೆಗಾಲ ಮುಗಿದ ಮೇಲೆ, ಎಲೆ ಇರುವಾಗಲೇ ಬಿಡುತ್ತವೆ. ದೀಪಾವಳಿ ಹೊತ್ತಿಗೆ ಕಾಲಿಂಪಾಂಗ್ ಕಡೆ ಹೋದವರಿಗೆ ಉತಿಸ್‌ನ ಗಂಡು ಹೂಗಳು ಗೇಣುದ್ದದ ಕುಚ್ಚುಗಳಾಗಿ ಇಳಿಬಿದ್ದಿರುವುದು ಕಾಣುತ್ತದೆ.

ಇದಕ್ಕೆ ಎಂಥ ಮಣ್ಣು, ಎಷ್ಟು ನೀರು ಬೇಕು?

ನೀರು ಬೇಕು, ಬಿಸಿಲು ಬೇಕು. ಮಣ್ಣಿನ ಬಗ್ಗೆ ಹೆಚ್ಚು ತಕರಾರಿಲ್ಲ. ಕಪ್ಪು ಆಲ್ಡರ್ ಹೊಳೆಯಂಚು, ಕೆರೆಯಂಚು, ಜೌಗುನೆಲದ ಮರ. ಅಡಿಕೆಗೂ ಆಗದಂಥ, ಬಸಿಗಾಲುವೆ ತೋಡಿದರೂ ನೀರು ನಿಲ್ಲುವ ಜಾಗದಲ್ಲಿ ಇದು ಬೇರೂರುತ್ತದೆ. ತುಸು ಹುಳಿಮಣ್ಣು ಇದಕ್ಕೆ ಹಿಡಿಸುತ್ತದೆ. ಒಣನೆಲ ಮಾತ್ರ ಆಗಿಬರುವುದಿಲ್ಲ. ಬರವನ್ನು ಒಂದಿಷ್ಟು ತಡೆಯುವುದು ಇಟಲಿಯ ಜಾತಿ. ಸುಣ್ಣದ ಅಂಶವಿರುವ ಒಣ ಮಣ್ಣಿನಲ್ಲೂ ಅದು ಬದುಕುತ್ತದೆ.

ನೆರಳನ್ನು ಆಲ್ಡರ್ ಸಹಿಸುವುದಿಲ್ಲ. ದೊಡ್ಡ ಮರಗಳ ಅಡಿಯಲ್ಲಿ ಅದರ ಸಸಿ ಮೇಲೇಳುವುದಿಲ್ಲ. ಅದಕ್ಕೆ ಬೇಕಾದದ್ದು ಬೋಳು ನೆಲ. ಹಿಮನದಿ ಹಿಂದೆ ಸರಿದು ಬಿಟ್ಟುಹೋದ ಜಲ್ಲಿ, ಹೊಳೆ ತಂದು ಹಾಕಿದ ಮರಳುದಿಣ್ಣೆ, ಕುಸಿದ ಗುಡ್ಡ, ಇಂಥ ಕಡೆ ಮೊದಲು ಕಾಲಿಡುವ ಮರಗಳಲ್ಲಿ ಇದೂ ಒಂದು. ಅಲಾಸ್ಕಾದ ಗ್ಲೇಸಿಯರ್ ಬೇ ಎಂಬಲ್ಲಿ ವಿಲಿಯಂ ಕೂಪರ್ ಎಂಬ ವಿಜ್ಞಾನಿ 1916ರಿಂದ ಇದನ್ನು ಗಮನಿಸಿದರು: ಹಿಮ ಕರಗಿ ಬರಿದಾದ ನೆಲಕ್ಕೆ ಆಲ್ಡರ್ ಪೊದೆ ಬರುತ್ತದೆ, ಮಣ್ಣು ಹದವಾದ ಮೇಲೆ ಸ್ಪ್ರೂಸ್ ಮರಗಳು ಬಂದು ಅದರ ಜಾಗ ಹಿಡಿಯುತ್ತವೆ. ಡಾರ್ಜಿಲಿಂಗ್, ಸಿಕ್ಕಿಂ ಬೆಟ್ಟಗಳಲ್ಲಿ ಗುಡ್ಡ ಜಾರಿದ ಗಾಯದ ಮೇಲೆ ಕೆಲವೇ ವರ್ಷಗಳಲ್ಲಿ ಉತಿಸ್ ಒತ್ತಾಗಿ ಎದ್ದು ನಿಲ್ಲುವುದೂ ಇದೇ ಕಥೆ.

ಬರಡು ನೆಲದಲ್ಲಿ ಗೊಬ್ಬರವಿಲ್ಲದೆ ಅದು ಬೆಳೆಯುವುದಾದರೂ ಹೇಗೆ?

ನನಗೆ ಈ ಮರ ಇಷ್ಟವಾಗಲು ಇದೇ ಕಾರಣ. ಹೊಳೆಯಂಚಿನಲ್ಲಿ ಮಣ್ಣು ಕೊಚ್ಚಿಹೋಗಿ ಬೇರು ಹೊರಬಂದಿದ್ದರೆ ಕೂತು ನೋಡಿ. ಬೇರಿನ ಮೇಲೆ ಕಿತ್ತಳೆ-ಕಂದು ಬಣ್ಣದ ಗಂಟುಗಳು ಗುಂಪುಗುಂಪಾಗಿರುತ್ತವೆ. ಹತ್ತಿರದಿಂದ ನೋಡಿದರೆ ಹವಳದಂತೆ ಕವಲೊಡೆದಿರುತ್ತವೆ. ಹೆಸರು, ಅಲಸಂದೆ ಗಿಡದ ಬೇರುಗಂಟು ಆ ಹಂಗಾಮಿಗೆ ಮುಗಿಯಿತು. ಆಲ್ಡರ್‌ನದು ವರ್ಷಗಟ್ಟಲೆ ಬೆಳೆದು ಮುಷ್ಟಿಗಾತ್ರಕ್ಕೂ ಬರುತ್ತದೆ.

ಆ ಗಂಟಿನೊಳಗೆ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಇದೆ. ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಕೊಡುತ್ತದೆ. ಬದಲಿಗೆ ಮರ ಅದಕ್ಕೆ ಸಕ್ಕರೆ ಉಣಿಸುತ್ತದೆ. ದ್ವಿದಳ ಬೆಳೆಗಳಲ್ಲಿರುವ ರೈಜೋಬಿಯಂ ಬೇರೆ, ಇದು ಬೇರೆ. ಎಳೆ ಎಳೆಯಾಗಿ ಬೆಳೆಯುವುದರಿಂದ ಹಿಂದೆ ಇದನ್ನು ಶಿಲೀಂಧ್ರ ಎಂದೇ ತಿಳಿದವರಿದ್ದರು. ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಎಂಬ ಜರ್ಮನ್ ಸಸ್ಯವಿಜ್ಞಾನಿಯ ಹೆಸರನ್ನು ಇದಕ್ಕೆ ಇಟ್ಟದ್ದು 1886ರಲ್ಲಿ. ಗಂಟಿನಿಂದ ಬೇರ್ಪಡಿಸಿ ಪ್ರಯೋಗಾಲಯದಲ್ಲಿ ಬೆಳೆಸಲು ಆದದ್ದು 1978ರಲ್ಲಿ. ಅಷ್ಟು ಸತಾಯಿಸಿದ ಜೀವಿ.

ಸಾರಜನಕಕ್ಕೆ ಬರವಿಲ್ಲದ ಮರದ ನಡೆಯೇ ಬೇರೆ. ಮಿಕ್ಕ ಮರಗಳು ಎಲೆ ಉದುರಿಸುವ ಮೊದಲು ಅದರಲ್ಲಿದ್ದ ಸಾರವನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಯೂರೋಪಿನ ಶರತ್ಕಾಲದ ಹಳದಿ ಕೆಂಪು ಬಣ್ಣಗಳ ಹಿಂದೆ ಇರುವುದು ಈ ಜಿಪುಣತನ. ಕಪ್ಪು ಆಲ್ಡರ್ ಹಸಿರು ಎಲೆಯನ್ನೇ ಉದುರಿಸುತ್ತದೆ! ಫೋಟೋ ತೆಗೆಯುವವರಿಗೆ ನಿರಾಸೆ, ಮಣ್ಣಿಗೆ ಹಬ್ಬ. ಆ ದರಕು ಬೇಗ ಕೊಳೆತು ಗೊಬ್ಬರವಾಗುತ್ತದೆ.

ಈಗ ಗಾಳಿಮರದ ವಿಷಯಕ್ಕೆ ಬರೋಣ. ಹಳೇ ಮೈಸೂರಿನವರು ಸರ್ವೆ ಎನ್ನುವ ಆ ಮರದ ಕುಟುಂಬ ಬೇರೆ. ಆದರೂ ಎರಡೂ ಫಾಗೇಲ್ಸ್ ಎಂಬ ಒಂದೇ ಗಣಕ್ಕೆ ಸೇರಿದ ನಂಟರು. ಗಾಳಿಮರದ ಬೇರಿನಲ್ಲೂ ಫ್ರಾಂಕಿಯಾ ಗಂಟು ಇದೆ. ಕಾರವಾರ, ಹೊನ್ನಾವರದ ಬರೀ ಮರಳಿನಲ್ಲಿ ಅದು ಹಾಗೆ ನೆಟ್ಟಗೆ ಎದ್ದು ನಿಲ್ಲುವುದಕ್ಕೆ ಈ ಗಂಟಿನ ಪಾಲೂ ಇದೆ.

ಆಲ್ಡರ್ ಜೊತೆ ಬೇಸಾಯ ಮಾಡುವವರು ಇದ್ದಾರೆಯೇ?

ಇದ್ದಾರೆ. ನಾಗಾಲ್ಯಾಂಡಿನ ಕೊಹಿಮಾದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಖೊನೊಮಾ ಎಂಬ ಅಂಗಾಮಿ ನಾಗರ ಹಳ್ಳಿ ಇದೆ. ಅಲ್ಲಿಯ ಝೂಮ್ ಬೇಸಾಯದಲ್ಲಿ (ನಮ್ಮ ಕುಮರಿ ಬೇಸಾಯದಂಥದ್ದು) ಕಾಡು ಕಡಿದು ಸುಟ್ಟು ಮುಂದಕ್ಕೆ ಹೋಗುವ ಪದ್ಧತಿಯಿಲ್ಲ. ಇಳಿಜಾರಿನ ಹೊಲದ ನಡುನಡುವೆ ಉತಿಸ್ ಮರಗಳನ್ನು ಉಳಿಸಿಕೊಳ್ಳುತ್ತಾರೆ. ಮರಕ್ಕೆ ಆರೇಳರಿಂದ ಹತ್ತು ವರ್ಷವಾಗಿ ತೊಗಟೆ ಬಿರುಕು ಬಿಟ್ಟ ಮೇಲೆ ಆಳೆತ್ತರದಲ್ಲಿ ತಲೆ ಕಡಿಯುತ್ತಾರೆ. ಕಡಿದ ಬೊಡ್ಡೆಯ ಮೇಲೆ ಕಲ್ಲು ಹೇರುವುದೂ ಉಂಟು. ಬೊಡ್ಡೆಯ ಸುತ್ತ ಚಿಗುರು ಒಡೆಯುತ್ತದೆ. ಅದರಲ್ಲಿ ಗಟ್ಟಿಯಾದ ಐದಾರನ್ನು ಮಾತ್ರ ಬಿಟ್ಟು ಉಳಿದದ್ದನ್ನು ಚಿವುಟುತ್ತಾರೆ. ಬೆಳಕು ಬಿದ್ದ ಹೊಲದಲ್ಲಿ ಒಂದೆರಡು ವರ್ಷ ಬೆಳೆ ತೆಗೆದು ಆಮೇಲೆ ನೆಲವನ್ನು ಬೀಳುಬಿಡುತ್ತಾರೆ. ಅಷ್ಟರಲ್ಲಿ ಕೊಂಬೆಗಳು ಮತ್ತೆ ಬೆಳೆದು, ಎಲೆ ಉದುರಿ ನೆಲ ಸುಧಾರಿಸಿರುತ್ತದೆ. ಮತ್ತೆ ತಲೆ ಕಡಿ, ಮತ್ತೆ ಬಿತ್ತು. ಒಲೆಗೆ ಸೌದೆಯೂ ಆಯಿತು.

ಮಲೆನಾಡಿನ ಕಾಫಿ ತೋಟದಲ್ಲಿ ಮರಗಸಿ ಮಾಡಿಸುವವರಿಗೆ, ಸೊಪ್ಪಿನ ಬೆಟ್ಟ ಕಾದುಕೊಂಡು ಬಂದ ಅಡಿಕೆಯವರಿಗೆ ಇದರ ತರ್ಕ ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ: ಅಲ್ಲಿ ಬೆಟ್ಟವೂ ಹೊಲವೂ ಒಂದೇ ಜಾಗ.

ಸಿಕ್ಕಿಂನಲ್ಲಿ ಇನ್ನೊಂದು ಬಗೆ. ಪುಲಾವಿಗೆ ಹಾಕುವ ಕಪ್ಪು, ದೊಡ್ಡ ಏಲಕ್ಕಿಯನ್ನು ಅಲ್ಲಿ ಉತಿಸ್ ನೆರಳಿನಲ್ಲಿ ಬೆಳೆಯುತ್ತಾರೆ. ನೆರಳು ಕೊಡುವುದು ಉತಿಸ್, ಗೊಬ್ಬರ ಕೊಡುವುದು ಉತಿಸ್, ಕೊನೆಗೆ ಕಾಯಿ ಒಣಗಿಸುವ ಭಟ್ಟಿಗೆ ಸೌದೆಯೂ ಉತಿಸ್. ನಮ್ಮಲ್ಲಿ ಹಾಲವಾಣ ಮಾಡುವ ಕೆಲಸಕ್ಕೆ ಸೌದೆಯ ಕೆಲಸವೂ ಸೇರಿತು ಅನ್ನಿ. ಹಾಲವಾಣದ ಸೌದೆಯನ್ನು ನಂಬಿ ಒಲೆ ಹಚ್ಚಿದವರು ಯಾರಿದ್ದಾರೆ?

ಬೀಜದಿಂದ ಬೆಳೆಸುವುದು ಹೇಗೆ?

ಕಾಯಿ ಕಂದು ಬಣ್ಣಕ್ಕೆ ತಿರುಗಿ ಹುರುಪೆ ಬಿಡುವ ಮೊದಲೇ ಕೊಯ್ದು, ಕಾಗದದ ಮೇಲೆ ಒಣಗಿಸಿದರೆ ಬೀಜ ತಾನಾಗಿ ಉದುರುತ್ತದೆ. ಬಹಳ ಸಣ್ಣ, ಹಗುರ ಬೀಜ. ಕಿಲೋಗೆ ಲಕ್ಷಗಟ್ಟಲೆ. ಅದಕ್ಕೇ ಆಳಕ್ಕೆ ಹಾಕಬಾರದು. ತೇವದ ಮಣ್ಣಿನ ಮೇಲೆ ಉದುರಿಸಿ, ಬೇಕಾದರೆ ಚಿಟಿಕೆ ಮರಳು ಎರಚಿ. ಮೊಳೆಯಲು ಬೆಳಕು ಬೇಕು. ಮೊಳೆತ ಸಸಿ ಒಂದು ಮಧ್ಯಾಹ್ನ ಒಣಗಿದರೂ ಮುಗಿಯಿತು. ಕಪ್ಪು ಆಲ್ಡರ್ ಬೀಜವನ್ನು ಕೆಲವು ವಾರ ಒದ್ದೆ ಮರಳಿನೊಂದಿಗೆ ಫ್ರಿಜ್ಜಿನಲ್ಲಿಟ್ಟು ಬಿತ್ತಿದರೆ ಒಟ್ಟಿಗೆ ಮೊಳೆಯುತ್ತದೆ.

ಹಲವರು ಮರೆಯುವುದು ಫ್ರಾಂಕಿಯಾವನ್ನು. ಪೇಟೆಯಿಂದ ತಂದ ಕುಂಡದ ಮಣ್ಣಿನಲ್ಲಿ ಅದು ಇರುವುದು ಅನುಮಾನ. ದೊಡ್ಡ ಆಲ್ಡರ್ ಬುಡದಿಂದ ಒಂದು ಹಿಡಿ ಮಣ್ಣು ತಂದು ಬೆರೆಸಿದರೆ ಸಾಕು. ಯೂರಿಯಾ ಮಾತ್ರ ಬೇಡ. ಪುಕ್ಕಟೆ ಸಾರಜನಕ ಸಿಕ್ಕರೆ ಬೇರು ಗಂಟು ಕಟ್ಟಲು ಸೋಮಾರಿಯಾಗುತ್ತದೆ.

ಎಷ್ಟು ಬೇಗ ಬೆಳೆಯುತ್ತದೆ? ಎಷ್ಟು ವರ್ಷ ಬದುಕುತ್ತದೆ?

ಒಳ್ಳೆಯ ಜಾಗದಲ್ಲಿ ಕೆಂಪು ಆಲ್ಡರ್ 5 ವರ್ಷಕ್ಕೆ 9 ಮೀಟರ್, 10 ವರ್ಷಕ್ಕೆ 16, 20 ವರ್ಷಕ್ಕೆ 24 ಮೀಟರ್ ಮುಟ್ಟುತ್ತದೆ. ಆದರೆ ಅರವತ್ತು ಎಪ್ಪತ್ತಕ್ಕೆ ಮುಪ್ಪು. ನೂರು ದಾಟುವುದು ಅಪರೂಪ.

ಮನೆ ಪಕ್ಕ ನೆಡಬಹುದೇ?

ಗೋಡೆಗೆ, ಮೋರಿ ಕೊಳವೆಗೆ ತೀರಾ ಹತ್ತಿರ ಬೇಡ. ನೀರಿರುವ ಕಡೆ ಬೇರು ಹುಡುಕಿಕೊಂಡು ಹೋಗುತ್ತದೆ. ಹಿತ್ತಲಿನ ತಗ್ಗು, ಮಳೆನೀರು ನಿಲ್ಲುವ ಮೂಲೆ ಆದರೆ ಸರಿ. ಇನ್ನೊಂದು ಎಚ್ಚರ: ಊರು ಬಿಟ್ಟು ಊರಿಗೆ ಹೋದರೆ ಇದೇ ಮರ ಕಳೆಯಾಗುತ್ತದೆ. ಉತಿಸ್ ಹವಾಯಿಯಲ್ಲಿ ಕಾಡಿಗೆ ನುಗ್ಗಿದೆ. ಯೂರೋಪಿನ ಕಪ್ಪು ಆಲ್ಡರ್ ಅಮೆರಿಕದ ಕೆಲವೆಡೆ ಹೊಳೆದಂಡೆ ಆಕ್ರಮಿಸಿದೆ. ಅಲ್ಲಿರುವವರು ಸ್ಥಳೀಯ ಜಾತಿಯನ್ನೇ ನೆಡುವುದು ಲೇಸು.

ಹೊಳೆದಂಡೆಯ ಆಲ್ಡರ್ ಎಲೆ ಚಿಕ್ಕದಾಗಿ, ತೆಳ್ಳಗಾಗಿ, ಬುಡದಲ್ಲಿ ಕಪ್ಪು ರಸ ಸೋರುತ್ತಿದೆ. ಏನಿದು?

ಯೂರೋಪಿನಲ್ಲಿದ್ದರೆ ಫೈಟಾಫ್ತೊರಾ ರೋಗವಿರಬಹುದು. 1993ರಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಮೊದಲು ಗಮನಕ್ಕೆ ಬಂತು. ನೀರಿನ ಮೂಲಕ ಹರಡುವುದರಿಂದ ಹೊಳೆಯುದ್ದಕ್ಕೂ ಮರಗಳು ಸಾಯುತ್ತವೆ. ಹೆಸರು ಹೊಸದೆನಿಸಿದರೂ ಬಳಗ ನಮಗೆ ಚೆನ್ನಾಗಿ ಗೊತ್ತು. ಅಡಿಕೆಗೆ ಕೊಳೆರೋಗ ತರುವುದೂ ಫೈಟಾಫ್ತೊರಾವೇ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಲೆಸ್ಲಿ ಕೋಲ್ಮನ್ ಅದರ ಬಗ್ಗೆ 1910ರಲ್ಲೇ ಬರೆದಿದ್ದರು. ಅಡಿಕೆಗಾದರೆ ಬೋರ್ಡೋ ಹೊಡೆಯಬಹುದು, ಕೊಟ್ಟೆ ಕಟ್ಟಬಹುದು. ಹೊಳೆದಂಡೆಯ ಮರಕ್ಕೆ ಅದೆಲ್ಲ ಆಗದ ಮಾತು.

ಎಲೆಯಲ್ಲಿ ತೂತು, ಮೇಲೆ ಹೊಳೆಯುವ ನೀಲಿ ದುಂಬಿ ಕಂಡರೆ ಗಾಬರಿ ಬೇಡ. ಮರ ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತದೆ. ಹಸಿ ಕಾಯಿಯಿಂದ ಕೆಂಪು ನಾಲಿಗೆ ಹೊರಚಾಚಿದಂತೆ ಕಂಡರೆ ಅದೊಂದು ಶಿಲೀಂಧ್ರ. ನೋಡಲು ವಿಚಿತ್ರ, ಮರಕ್ಕೆ ಅಪಾಯವಿಲ್ಲ.

ಜರ್ಮನಿಗೆ ಬಂದಾಗಿನಿಂದ ಫೆಬ್ರವರಿಯಲ್ಲಿ ಸೀನು, ಕಣ್ಣುರಿ. ಇದರಿಂದಲೇ?

ಇರಬಹುದು. ಆಲ್ಡರ್ ಪರಾಗ ಗಾಳಿಯಲ್ಲಿ ಹರಡುತ್ತದೆ. ಚಳಿ ತುಸು ಬಿಟ್ಟರೆ ಜನವರಿಯಲ್ಲೇ ಶುರು. ಮನೆಯಲ್ಲಿ ಎಲ್ಲರೂ ‘ಶೀತ’ ಎಂದು ಶುಂಠಿ ಕಷಾಯ ಕುಡಿಸುವುದು ಆಗಲೇ. ಬರ್ಚ್, ಹೇಝೆಲ್, ಆಲ್ಡರ್ ಮೂರರ ಪರಾಗದ ಪ್ರೋಟೀನು ಒಂದನ್ನೊಂದು ಹೋಲುತ್ತದೆ. ಒಂದಕ್ಕೆ ಆಗದವರಿಗೆ ಇನ್ನೊಂದಕ್ಕೂ ಆಗದಿರಬಹುದು, ಹಸಿ ಸೇಬು ತಿಂದಾಗ ಬಾಯಿ ತುರಿಸಲೂಬಹುದು. ವೈದ್ಯರ ಹತ್ತಿರ ಪರೀಕ್ಷೆ ಮಾಡಿಸಿ.

ಮರ ಯಾವುದಕ್ಕೆ ಬರುತ್ತದೆ?

ನೀರಿನಲ್ಲಿ ಪೂರ್ತಿ ಮುಳುಗಿದ್ದರೆ ಬಹುಕಾಲ ಬಾಳುತ್ತದೆ. ವೆನಿಸ್ ನಗರದ ಕಟ್ಟಡಗಳ ಅಡಿ ಕೆಸರಿಗೆ ಹೊಡೆದ ಗೂಟಗಳಲ್ಲಿ ಓಕ್, ಲಾರ್ಚ್ ಜೊತೆ ಆಲ್ಡರ್ ಕೂಡ ಇದೆ. ಅದೇ ಮರವನ್ನು ಬೇಲಿಗೂಟ ಮಾಡಿದರೆ ಬೇಗ ಲಡ್ಡಾಗುತ್ತದೆ. ಇಂಗ್ಲೆಂಡಿನಲ್ಲಿ ಮರದ ಪಾದರಕ್ಷೆಯ ಅಟ್ಟೆಗೆ, ಕೋವಿಮದ್ದಿನ ಇದ್ದಿಲಿಗೆ ಬಳಸುತ್ತಿದ್ದರು. ಅಮೆರಿಕದ ವಾಯವ್ಯ ಕರಾವಳಿಯ ಮೂಲನಿವಾಸಿಗಳು ಸಾಲ್ಮನ್ ಮೀನನ್ನು ಕೆಂಪು ಆಲ್ಡರ್ ಹೊಗೆಯಲ್ಲಿ ಒಣಗಿಸುತ್ತಾರೆ, ತೊಗಟೆಯಿಂದ ಬಣ್ಣ ತೆಗೆಯುತ್ತಾರೆ. ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ಒಡಲಿಗೂ 1956ರಿಂದ ಹೆಚ್ಚಾಗಿ ಬಂದದ್ದು ಆಲ್ಡರ್.

ಕರ್ನಾಟಕದಲ್ಲಿ ಬೆಳೆಸಬಹುದೇ?

ಬಯಲುಸೀಮೆಯಲ್ಲಿ ಬೇಡವೇ ಬೇಡ. ಬೇಸಗೆ ತಡೆಯುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಎತ್ತರದ ತೋಟದಲ್ಲಿ ಉತಿಸ್ ಬದುಕಬಹುದೋ ಏನೋ, ಆದರೆ ಫೆಬ್ರವರಿಯಿಂದ ಮೇವರೆಗಿನ ಒಣಗಾಲ ಅದಕ್ಕೆ ಕಷ್ಟ. ಹವಾಯಿಯ ಕಥೆ ಕೇಳಿದ ಮೇಲೆ ಪಶ್ಚಿಮಘಟ್ಟಕ್ಕೆ ಅದನ್ನು ತರುವ ಆಸೆ ನನಗಂತೂ ಇಲ್ಲ. ಇಲ್ಲಿ ಅದರ ಕೆಲಸ ಮಾಡುವವು ಬೇಕಾದಷ್ಟಿವೆ: ಹಳ್ಳದ ದಂಡೆಗೆ ಹೊಂಗೆ, ಹೊಳೆಮತ್ತಿ, ತೋಟದ ನೆರಳಿಗೆ ಹಾಲವಾಣ, ಹಸಿರು ಗೊಬ್ಬರಕ್ಕೆ ಗ್ಲಿರಿಸೀಡಿಯಾ.

ಆ ಹವಳದಂಥ ಗಂಟು ನೋಡಲೇಬೇಕು ಎಂಬ ಕುತೂಹಲವಿದ್ದರೆ ಸಿಕ್ಕಿಂವರೆಗೆ ಹೋಗಬೇಕಿಲ್ಲ. ಮಳೆಗಾಲ ಮುಗಿದ ಮೇಲೆ ಯಾರದಾದರೂ ಸರ್ವೆ ತೋಪಿಗೆ ಹೋಗಿ, ಕೇಳಿಕೊಂಡು, ಒಂದು ಎಳೆ ಗಿಡದ ಬುಡದ ಮಣ್ಣನ್ನು ಕೈಯಿಂದ ಮೆಲ್ಲಗೆ ಸರಿಸಿ. ಕಂದು ಗಂಟು ಕಂಡರೆ ಮತ್ತೆ ಮಣ್ಣು ಮುಚ್ಚಿ ಬನ್ನಿ.